ಹೊಸ ಗಣಿತ ಬರಲಿ, ಬಾಯಿ ಲೆಕ್ಕ ಹೋಗದಿರಲಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ಗಣಿತ ಪಠ್ಯಪುಸ್ತಕ ರೂಪಿಸುವ, ಶಿಕ್ಷಕರಿಗೆ ತರಬೇತಿ ಕೊಡುವ ಎಲ್ಲ ಹಿರಿಯರು

ವಿಷಯ: ಶಾಲೆಗಳಲ್ಲಿ ದಿನವೂ ಬಾಯಿ ಲೆಕ್ಕ ನಡೆಸುವ ಮತ್ತು ಗಣಿತ ಪಾಠಕ್ಕೆ ಬೇಕಾದಷ್ಟು ಸಮಯ ಕೊಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಸರ್ಕಾರಿ ಶಾಲೆಗಳಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಮೊದಲು ಪ್ರಾಥಮಿಕ ಶಾಲೆಯಲ್ಲಿದ್ದೆ. ಆಮೇಲೆ ಬಡ್ತಿ ಸಿಕ್ಕಿ ಹೈಸ್ಕೂಲಿಗೆ ಹೋದೆ. ಹಾಗಾಗಿ ಒಂದನೇ ತರಗತಿಯ ಮಗು ಕಡ್ಡಿ ಎಣಿಸುವುದರಿಂದ ಹಿಡಿದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನದ ಗಾಬರಿವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಈಗ ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಮನೆಗೆ ಬರುತ್ತಾರೆ. ಸರ್ಕಾರಿ ಶಾಲೆಯವರೂ ಬರುತ್ತಾರೆ, ಕಾನ್ವೆಂಟಿನವರೂ ಬರುತ್ತಾರೆ. ಇವರನ್ನು ನೋಡಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ನನ್ನ ದೂರು ಇಷ್ಟೇ. ಹತ್ತು ಹದಿನೈದು ವರ್ಷಕ್ಕೊಮ್ಮೆ ಗಣಿತ ಕಲಿಸುವ ರೀತಿ ಬದಲಾಗಿದೆ. ಬಂದ ಹೊಸ ವಿಚಾರಗಳಲ್ಲಿ ಬಹುಪಾಲು ಒಳ್ಳೆಯವೇ. ಆದರೆ ಪ್ರತಿ ಸಲವೂ ಹೊಸದು ಬಂದಾಗ ಹಳೆಯದನ್ನು ಬುಡಸಮೇತ ಕಿತ್ತು ಹಾಕಿದೆವು. ಹೊಸದು ಬೇರೂರುವ ಮುಂಚೆಯೇ ಅದನ್ನೂ ಕಿತ್ತೆವು. ಈಗ ಮಕ್ಕಳಿಗೆ ಮಗ್ಗಿಯೂ ಬರುತ್ತಿಲ್ಲ, ಅರ್ಥವೂ ಆಗುತ್ತಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಗೆ 816ನ್ನು 4ರಿಂದ ಭಾಗಿಸಲು ಹೇಳಿದೆ. ನೀಟಾಗಿ ಗೆರೆ ಎಳೆದಳು. ನಾಲ್ಕೆರಡ್ಲ ಎಂಟು, ಮೇಲೆ 2 ಬರೆದಳು. 1 ಇಳಿಸಿದಳು. ಒಂದರಲ್ಲಿ ನಾಲ್ಕು ಹೋಗಲ್ಲ, ಅಂತ 6ನ್ನೂ ಇಳಿಸಿಕೊಂಡಳು. ನಾಲ್ಕ್ನಾಲ್ಕ್ಲ ಹದಿನಾರು, ಮೇಲೆ 4. ಉತ್ತರ 24, ಶೇಷ ಸೊನ್ನೆ. ಅಡಿಗೆರೆ ಹಾಕಿ ನನ್ನ ಕಡೆ ನೋಡಿದಳು. ನಡುವಿನ ಸೊನ್ನೆ ಬಿಟ್ಟುಹೋಗಿದೆ. ಈ ತಪ್ಪು ಹಿಂದಿನ ಕಾಲದಲ್ಲೂ ಆಗುತ್ತಿತ್ತು, ಅದರಲ್ಲಿ ಹೊಸದೇನಿಲ್ಲ. ನನಗೆ ಬೇಜಾರಾಗಿದ್ದು ಅದರ ಮುಂದಿನ ಮಾತಿಗೆ. "816 ರೂಪಾಯಿನ ನಾಲ್ಕು ಜನ ಹಂಚಿಕೊಂಡ್ರೆ ಒಬ್ಬೊಬ್ಬರಿಗೆ 24 ರೂಪಾಯಿ ಅಷ್ಟೇನಾ?" ಅಂದೆ. ಅವಳಿಗೆ ಏನೂ ಅನ್ನಿಸಲಿಲ್ಲ. "ಹೌದು ಮಿಸ್, ಶೇಷ ಸೊನ್ನೆ ಬಂತಲ್ಲ" ಅಂದಳು.

ಎಂಟು ನೂರನ್ನು ನಾಲ್ವರಿಗೆ ಹಂಚಿದರೆ ಇನ್ನೂರು, ಹದಿನಾರನ್ನು ಹಂಚಿದರೆ ನಾಲ್ಕು, ಒಟ್ಟು ಇನ್ನೂರ ನಾಲ್ಕು. ಇದಕ್ಕೆ ಪೆನ್ನು ಬೇಡ, ಹಾಳೆ ಬೇಡ. ಈ ಹುಡುಗಿ ದಡ್ಡಿ ಅಲ್ಲ. ಪದ್ಯ ಓದಿದರೆ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾಳೆ. ಆದರೆ ಅಂಕಿಗಳಿಗೆ ಒಂದು ಗಾತ್ರ ಇದೆ, ಉತ್ತರ ಸುಮಾರು ಎಷ್ಟು ಬರಬೇಕು ಅಂತ ಮೊದಲೇ ಅಂದಾಜು ಮಾಡಬಹುದು ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಇದು ನಮ್ಮ ಬೀದಿಯ ಕಥೆ ಮಾತ್ರ ಅಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆಯ 2022ರ ವರದಿ ಪ್ರಕಾರ ಇಡೀ ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿ ಮಕ್ಕಳ ಪೈಕಿ ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 25.6. 2024ರಲ್ಲಿ ಅದು ಶೇ 30.7ಕ್ಕೆ ಏರಿತು. ಏರಿದ್ದು ಸಂತೋಷ. ಆದರೂ ಹತ್ತರಲ್ಲಿ ಏಳು ಮಕ್ಕಳು ಭಾಗಾಕಾರ ಬಾರದೆ ಆರನೇ ತರಗತಿಗೆ ಹೋಗುತ್ತಿದ್ದಾರೆ ಅಂತಲೇ ಅಲ್ವಾ?

ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ಹೇಳಲು ನಾನು ಬಂದಿಲ್ಲ. ನಾನು ಓದಿದ ಕಾಲದಲ್ಲಿ ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಕೋಲು ಬೀಳುತ್ತಿತ್ತು. ಬಸ್ಕಿ ಹೊಡೆಸುತ್ತಿದ್ದರು. ಲೆಕ್ಕದ ಭಯಕ್ಕೇ ಶಾಲೆ ಬಿಟ್ಟು ಕುರಿ ಕಾಯಲು ಹೋದ ಹುಡುಗರು ನನ್ನ ಜೊತೆಗೇ ಇದ್ದರು. ಹೆಣ್ಣುಮಕ್ಕಳಿಗಂತೂ "ನಿನಗ್ಯಾಕೆ ಬಡ್ಡಿ ಲೆಕ್ಕ" ಅನ್ನುತ್ತಿದ್ದರು. ಆ ಕಾಲ ಹೋಗಿದ್ದೇ ಒಳ್ಳೆಯದಾಯಿತು. ಆದರೆ ಆ ಕಾಲದಲ್ಲಿ ಕೋಲಿನ ಜೊತೆಗೆ ಇನ್ನೊಂದು ವಸ್ತುವೂ ಇತ್ತು. ಕೋಲು ಎಸೆಯುವಾಗ ಅದನ್ನೂ ಸೇರಿಸಿ ಎಸೆದುಬಿಟ್ಟೆವು. ಅದು ಬಾಯಿ ಲೆಕ್ಕ.

ನಮ್ಮ ಮೇಷ್ಟ್ರು ಬರೀ ಎರಡು ಮೂರರ ಮಗ್ಗಿ ಹೇಳಿಸುತ್ತಿರಲಿಲ್ಲ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂಕಾಲು, ಒಂದೂವರೆ, ಎಲ್ಲ ಇತ್ತು. "ಒಂದ್ ಕಾಲು ಕಾಲು, ಎರಡ್ ಕಾಲು ಅರ್ಧ, ಮೂರ್ ಕಾಲು ಮುಕ್ಕಾಲು, ನಾಕ್ ಕಾಲು ಒಂದು" ಅಂತ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಮನೆಯಲ್ಲೂ ರಾಗ ಕೇಳುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಹಿಂದಿನವರ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಳೆಯಲು ಸೇರು, ಪಾವು, ಚಟಾಕು. ವ್ಯವಹಾರವೆಲ್ಲ ಅರ್ಧ, ಕಾಲು, ಅರೆಕಾಲಿನಲ್ಲಿ. ಹದಿಮೂರು ಮುಕ್ಕಾಲು ಎಷ್ಟು ಅಂದರೆ ಒಂಬತ್ತೂ ಮುಕ್ಕಾಲು ಅಂತ ತಟ್ಟನೆ ಬಾಯಿಗೆ ಬರದಿದ್ದರೆ ಸಂತೆಯಲ್ಲಿ ಮೋಸ ಹೋಗುವುದು ಗ್ಯಾರಂಟಿ.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಸೇರಿನ ಜಾಗಕ್ಕೆ ಕಿಲೋ, ಲೀಟರ್ ಬಂದವು. ಲೆಕ್ಕ ಸುಲಭವಾಯಿತು, ನಿಜ. ದಶಮಾಂಶ ಬಂದರೆ ಸಾಕು ಅನ್ನುವ ಹಾಗಾಯಿತು. ನಾನು ಶಾಲೆಗೆ ಸೇರುವ ಹೊತ್ತಿಗೆ ಕಾಲು ಮಗ್ಗಿ ಪುಸ್ತಕದಲ್ಲಿ ಇರಲಿಲ್ಲ, ಹಳೆಯ ಮೇಷ್ಟ್ರ ಬಾಯಲ್ಲಿ ಮಾತ್ರ ಉಳಿದಿತ್ತು. ಅವರು ನಿವೃತ್ತರಾದ ಮೇಲೆ ಅದೂ ಹೋಯಿತು. ಭಿನ್ನರಾಶಿ ಅಂದರೆ ಮಕ್ಕಳು ಇವತ್ತು ಯಾಕಿಷ್ಟು ಹೆದರುತ್ತಾರೆ ಅಂತ ಯೋಚಿಸಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ನಮಗೆ ಮುಕ್ಕಾಲು ಅನ್ನುವುದು ಕಿವಿಗೆ ಮೊದಲು ಬಿತ್ತು, ಆಮೇಲೆ ಹಲಗೆಯ ಮೇಲೆ 3 ಕೆಳಗೆ 4 ಆಯಿತು. ಇವತ್ತಿನ ಮಗುವಿಗೆ ಹಲಗೆಯ ಮೇಲಿನ ಆ ಎರಡು ಅಂಕಿಗಳೇ ಮೊದಲು ಸಿಗುತ್ತವೆ. ಅರ್ಧಕ್ಕೂ ಕಾಲಿಗೂ ಸೇರಿ ಎಷ್ಟು ಅಂತ ಕೇಳಿದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/6 ಅಂತ ಬರೆಯುವ ಮಕ್ಕಳು ಹೈಸ್ಕೂಲಿನಲ್ಲೂ ಇದ್ದಾರೆ. ಅರ್ಧ ಸೇರು, ಕಾಲು ಸೇರು ಅಳೆದು ಗೊತ್ತಿದ್ದ ನಮ್ಮ ಅಜ್ಜಿ ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಅವರಿಗೆ ಓದು ಬರೆಹ ಬರುತ್ತಿರಲಿಲ್ಲ.

ನಾನು ಓದುತ್ತಾ ಹೈಸ್ಕೂಲಿಗೆ ಬಂದಾಗ 'ಗಣಗಳು', ಅಂದರೆ ಇಂಗ್ಲಿಷಿನ ಸೆಟ್‌ಗಳು, ಬಂದಿದ್ದವು. ಸೋವಿಯತ್ ರಷ್ಯಾ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಅಮೆರಿಕದಲ್ಲಿ ಗಾಬರಿಯಾಗಿ ಗಣಿತದ ಪಾಠವನ್ನೇ ಬದಲಿಸಿದರು. ಆ ಗಾಳಿ ನಮ್ಮ ತನಕ ಬೀಸಿತು. ಹೂಬ್ರಾಕೆಟ್ ಒಳಗೆ ಅಂಕಿ ಬರೆದು ಸಂಯೋಗ, ಛೇದನ ಅಂತ ಮಾಡಿದ್ದೇ ಮಾಡಿದ್ದು. ಮನೆಯಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ, ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಅಲ್ಲಿಯವರೆಗೆ ಮನೆಯ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ಆಗಿತ್ತು. ಅವೆರಡೂ ಬೇರೆಯಾಗಿದ್ದು ಆಗಲೇ ಅಂತ ನನ್ನ ಅನಿಸಿಕೆ.

ನಾನು ಕೆಲಸಕ್ಕೆ ಸೇರಿದ ಮೇಲೆ ಒಂದರ ಹಿಂದೆ ಒಂದು ಬಂದವು. ಕನಿಷ್ಠ ಕಲಿಕಾ ಮಟ್ಟ ಬಂತು, ಎಂಎಲ್ಎಲ್ ಅಂತ ಕರೆಯುತ್ತಿದ್ದೆವು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ ಬಂತು. ಚೈತನ್ಯ ತರಣಿ ಅನ್ನುವ ಶಿಕ್ಷಕರ ತರಬೇತಿಗೆ ಹೋಗಿ ಹಾಡು ಹೇಳಿ, ಕುಣಿದು ಬಂದೆವು. ಅದರ ಬಗ್ಗೆ ಹಗುರವಾಗಿ ಮಾತಾಡುವವರಿದ್ದಾರೆ. ನಾನು ಮಾತ್ರ ಆ ತರಬೇತಿಯನ್ನು ಮರೆಯಲಾರೆ. ಮಗುವನ್ನು ಹೊಡೆಯದೆ ಕಲಿಸಬಹುದು ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಮೊದಲ ಸಲ ನಂಬಿಕೆ ಬಂದಿದ್ದು ಅಲ್ಲೇ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಚಿಕ್ಕ ಮಕ್ಕಳಿಗೆ ಕಾರ್ಡುಗಳ ಮೂಲಕ ಆಡುತ್ತಾ ಕಲಿಸುವ ನಲಿಕಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದರು, ಕಲಿಕಾ ಏಣಿ ಕಟ್ಟಿದರು. ಶಿಕ್ಷಕರೇ ಕಟ್ಟಿದ್ದರಿಂದ ಅದಕ್ಕೆ ಜೀವ ಇತ್ತು. 2009ರ ಹೊತ್ತಿಗೆ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ಕಾರ್ಡುಗಳು ಮೇಲಿನಿಂದ ಅಚ್ಚಾಗಿ ಬಂದವು. ಮಾಡಲೇಬೇಕು ಅಂತ ಆದೇಶವೂ ಬಂತು. ಒಂದು ತಾಲ್ಲೂಕಿನಲ್ಲಿ ಶಿಕ್ಷಕರ ಖುಷಿಯಿಂದ ಹುಟ್ಟಿದ್ದು ಇಡೀ ರಾಜ್ಯದಲ್ಲಿ ದಾಖಲೆ ತುಂಬುವ ಕೆಲಸವಾಯಿತು. ನಲಿಕಲಿಯಲ್ಲಿ ಗಣಿತ ಚೆನ್ನಾಗಿಯೇ ಇದೆ. ಮೂರನೇ ತರಗತಿ ಮುಗಿಸಿದ ಮಗು ನಾಲ್ಕಕ್ಕೆ ಬಂದಾಗ ಮಾತ್ರ ಕಾರ್ಡೂ ಇಲ್ಲ, ಏಣಿಯೂ ಇಲ್ಲ. ಒಂದು ದಪ್ಪ ಪುಸ್ತಕ ಇರುತ್ತದೆ. ಎಷ್ಟೋ ಮಕ್ಕಳು ಆ ಜಾಗದಲ್ಲೇ ಎಡವಿ ಬೀಳುವುದನ್ನು ನೋಡಿದ್ದೇನೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ದೊಡ್ಡ ಮಾತು. ಲೆಕ್ಕ ಮಾಡಿಸುವುದಕ್ಕಿಂತ ಮಗು ಲೆಕ್ಕದ ಹಾಗೆ ಯೋಚಿಸುವುದು ಮುಖ್ಯ, ಗಣಿತದ ಭಯ ಹೋಗಬೇಕು ಅಂತ. ಆಮೇಲೆ ಬಂದ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ನಾನು ಮೆಚ್ಚಿದ್ದೇನೆ. ನಮ್ಮ ರಾಜ್ಯವೂ ಅವನ್ನು ತೆಗೆದುಕೊಂಡಿತು. ಆದರೆ ಆ ಪುಸ್ತಕ ಮಾತಾಡುತ್ತದೆ, ಪ್ರಶ್ನೆ ಕೇಳುತ್ತದೆ, ಚರ್ಚೆ ಬೇಡುತ್ತದೆ. ಅದಕ್ಕೆ ಸಮಯ ಬೇಕು. ಸಮಯ ಎಲ್ಲಿದೆ ಅಂತ ಕೇಳುವುದಕ್ಕೇ ನಾನು ಈ ಪತ್ರ ಬರೆಯುತ್ತಿರುವುದು.

ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಯ ಬೆಳಗನ್ನು ನೋಡಿ ಸಾರ್. ಹಾಲು ಕುಡಿಸಬೇಕು. ಹಾಜರಿ, ಊಟದವರ ಲೆಕ್ಕ, ಮೊಟ್ಟೆಯವರ ಲೆಕ್ಕ, ಬಾಳೆಹಣ್ಣಿನವರ ಲೆಕ್ಕ ಬೇರೆ ಬೇರೆ ಬರೆಯಬೇಕು. ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಮೊಬೈಲ್ ಹಿಡಿದು ಮೈದಾನಕ್ಕೆ ಹೋಗಬೇಕು. ವಾಟ್ಸಾಪಿನಲ್ಲಿ "ಅತಿ ತುರ್ತು, ಇಂದೇ ಕಳಿಸಿ" ಅಂತ ಬಂದಿರುತ್ತದೆ. ಮಕ್ಕಳಿಗೆ ಊಟ, ಹಾಲು, ಮೊಟ್ಟೆ ಬೇಕೇ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಹಸಿದ ಮಗುವಿಗೆ ಲೆಕ್ಕ ಹತ್ತುವುದಿಲ್ಲ. ಆದರೆ ಇವನ್ನೆಲ್ಲ ಬರೆದಿಡಲು ಇನ್ನೊಬ್ಬರು ಬೇಡವೇ? ಚುನಾವಣೆ ಬಂದರೆ ಶಿಕ್ಷಕರು. ಗಣತಿ ಬಂದರೆ ಶಿಕ್ಷಕರು. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೂ ಶಿಕ್ಷಕರೇ ಮನೆಮನೆ ತಿರುಗಿದರು, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಹೀಗೆ ಹೋದ ಪೀರಿಯಡ್‌ಗಳಲ್ಲಿ ಜಾಸ್ತಿ ಏಟು ಬೀಳುವುದು ಗಣಿತಕ್ಕೆ. ಸಮಾಜದ ಒಂದು ಪಾಠ ತಪ್ಪಿದರೂ ಮುಂದಿನದು ಅರ್ಥವಾಗಬಹುದು. ಸ್ಥಾನಬೆಲೆ ತಪ್ಪಿದ ಮಗುವಿಗೆ ಕಳೆಯುವುದು ಬರುವುದಿಲ್ಲ. ಕಳೆಯುವುದು ಬಾರದಿದ್ದರೆ ಭಾಗಾಕಾರ ಬರುವುದಿಲ್ಲ. ಭಾಗಾಕಾರ ಬಾರದವನಿಗೆ ಬೀಜಗಣಿತ ಹೇಳಿ ಏನು ಪ್ರಯೋಜನ?

ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಬಂದಾಗ ನನಗೆ ನಿಜವಾಗಿ ಸಂತೋಷವಾಗಿತ್ತು. ಬಿಡಿ ಹತ್ತು ನೂರರ ಬ್ಲಾಕು, ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿ, ಆಟದ ನೋಟು, ಗಡಿಯಾರ. ಅಷ್ಟು ಒಳ್ಳೆಯ ಸಾಮಾನು ಸರ್ಕಾರಿ ಶಾಲೆಯ ಮಗುವಿನ ಕೈಗೆ ಅದಕ್ಕೂ ಮುಂಚೆ ಸಿಕ್ಕಿರಲಿಲ್ಲ. ಭಿನ್ನರಾಶಿ ಪಟ್ಟಿ ಜೋಡಿಸಿ ಎರಡು ಕಾಲು ಸೇರಿದರೆ ಅರ್ಧಕ್ಕೆ ಸಮ ಅಂತ ಮಗು ತಾನೇ ಕಂಡುಕೊಳ್ಳುವುದನ್ನು ನೋಡಬೇಕು ನೀವು. ನಮ್ಮ ಕಾಲು ಮಗ್ಗಿಯೇ ಬೇರೆ ರೂಪದಲ್ಲಿ ವಾಪಸ್ ಬಂತು ಅನ್ನಿಸಿತು. ಆದರೆ ಆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆಗಳನ್ನೂ ನೋಡಿದ್ದೇನೆ. ಒಂದು ಮಣಿ ಕಳೆದರೂ ತಪಾಸಣೆಗೆ ಬಂದವರು ಸ್ಟಾಕ್ ರಿಜಿಸ್ಟರ್ ಕೇಳುತ್ತಾರೆ ಅನ್ನುವ ಹೆದರಿಕೆ. ಆ ಶಿಕ್ಷಕರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಎಸ್ಸೆಸ್ಸೆಲ್ಸಿ ವಿಷಯ. ಎಂಟನೇ ತರಗತಿಯವರೆಗೆ ಯಾರನ್ನೂ ಫೇಲ್ ಮಾಡದೆ ಕಳಿಸಿದ ಮಕ್ಕಳು ಹತ್ತಕ್ಕೆ ಬಂದು ನಿಲ್ಲುತ್ತಾರೆ. ಫೇಲ್ ಮಾಡಬೇಕಿತ್ತು ಅಂತ ನಾನು ಹೇಳುವುದಿಲ್ಲ. ಫೇಲ್ ಮಾಡಿದರೆ ಮಗು ಶಾಲೆ ಬಿಡುತ್ತದೆ, ಲೆಕ್ಕ ಕಲಿಯುವುದಿಲ್ಲ. ಆದರೆ ಹಿಂದೆ ಬಿದ್ದ ಮಗುವಿಗೆ ನಡುವಿನ ವರ್ಷಗಳಲ್ಲಿ ಏನು ಮಾಡಿದೆವು? ಡಿಸೆಂಬರ್ ಬಂದ ಕೂಡಲೇ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಜೆರಾಕ್ಸ್ ಕಟ್ಟು ಕೈಗೆ ಕೊಡುತ್ತೇವೆ. ನಕ್ಷೆ ಒಂದು, ಪ್ರಮೇಯ ಎರಡು, ಸರಾಸರಿ ಮಧ್ಯಾಂಕ, ನನ್ನ ಕಾಲದಲ್ಲಿ ಓಜೀವ್ ನಕ್ಷೆ, ರಚನೆಗಳೂ ಇದ್ದವು. ಇಷ್ಟು ಮಾಡಿದರೆ ಪಾಸು. ವೃತ್ತಕ್ಕೆ ಸ್ಪರ್ಶಕ ಎಳೆಯುವುದನ್ನು ನಮ್ಮ ಹುಡುಗರು ಕಣ್ಣು ಮುಚ್ಚಿ ಮಾಡುತ್ತಿದ್ದರು. ಸ್ಪರ್ಶಕಗಳ ನಡುವೆ 70 ಡಿಗ್ರಿ ಕೊಟ್ಟರೆ 180ರಲ್ಲಿ ಕಳೆದು ತ್ರಿಜ್ಯಗಳ ನಡುವೆ 110 ಹಾಕುತ್ತಿದ್ದರು. ಯಾಕೆ 180ರಲ್ಲಿ ಕಳೀಬೇಕು ಅಂದರೆ, "ಹಂಗೇ ಮಿಸ್ ಅದು" ಅನ್ನುವ ಉತ್ತರ. ತ್ರಿಜ್ಯಕ್ಕೂ ಸ್ಪರ್ಶಕಕ್ಕೂ ಲಂಬ ಬರುತ್ತದೆ, ನಾಲ್ಕು ಕೋನದಲ್ಲಿ ಎರಡು ತೊಂಬತ್ತು ಹೋದರೆ ಉಳಿದದ್ದು 180 ಅಂತ ಹೇಳಲು ಒಂದು ಪೀರಿಯಡ್ ಸಾಕು. ಆ ಪೀರಿಯಡ್ಡೇ ಇರುತ್ತಿರಲಿಲ್ಲ. ಕೋಲಿನ ಕಾಲದಲ್ಲಿ ಮಗ್ಗಿ ಉರು ಹೊಡೆಸಿದರು ಅಂತ ಬೈದುಕೊಂಡು ಬಂದ ನಾವು ಪ್ರಮೇಯವನ್ನೇ ಉರು ಹೊಡೆಸಿದೆವು. ಮಗ್ಗಿಯಾದರೂ ಬದುಕಿಡೀ ಕೆಲಸಕ್ಕೆ ಬರುತ್ತಿತ್ತು.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ತಂದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಂತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ವೆಬ್‌ಕಾಸ್ಟಿಂಗ್ ತಂದಿದ್ದು ಸರಿಯಾದ ಕೆಲಸ, ನಾನು ಅದರ ಪರ. ಆದರೆ ಕ್ಯಾಮೆರಾ ತೋರಿಸಿದ್ದು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ. ಅದರ ಬೇರು ನಾಲ್ಕನೇ ತರಗತಿಯಲ್ಲಿದೆ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ. ಇನ್ನೊಂದು ಹೊಸ ಹೆಸರು, ಲೋಗೋ, ಉದ್ಘಾಟನೆ ದಯವಿಟ್ಟು ಬೇಡ.

ಮೊದಲನೆಯ ಕೋರಿಕೆ ಬಾಯಿ ಲೆಕ್ಕದ್ದು. ಒಂದರಿಂದ ಎಂಟನೇ ತರಗತಿವರೆಗೆ ದಿನಾ ಹದಿನೈದು ನಿಮಿಷ ಅದಕ್ಕೆ ಬಿಡಿ. ಪುಸ್ತಕ ಬೇಡ, ಅಂಕ ಬೇಡ, ಫೋಟೋ ತೆಗೆದು ಅಪ್‌ಲೋಡ್ ಮಾಡುವುದಂತೂ ಬೇಡವೇ ಬೇಡ. ಬಾಯಿ ಲೆಕ್ಕ ಅಂದರೆ ಬರೀ ಮಗ್ಗಿ ಒಪ್ಪಿಸುವುದು ಅಂತ ತಿಳಿಯಬೇಡಿ. 402ರಲ್ಲಿ 178 ಕಳೆಯಬೇಕು ಅಂದುಕೊಳ್ಳಿ. ಕಿರಾಣಿ ಅಂಗಡಿಯವರು ದಶಕ ಎರವಲು ತರುತ್ತಾ ಕೂರುವುದಿಲ್ಲ. 178ಕ್ಕೆ 22 ಸೇರಿದರೆ 200, ಅಲ್ಲಿಂದ 402ಕ್ಕೆ 202, ಒಟ್ಟು 224 ಅಂತ ಚಿಲ್ಲರೆ ಎಣಿಸಿ ಕೊಡುತ್ತಾರೆ. ತಿಪಟೂರಿನಲ್ಲಿ ಕೊಬ್ಬರಿ ಮಾರಲು ಬಂದ ರೈತರು ಕ್ವಿಂಟಲಿಗೆ 15,000 ಅಂದರೆ ಕೆಜಿಗೆ 150, ಹಾಗಾದರೆ 73 ಕೆಜಿಗೆ 10,950 ಅಂತ ನಿಂತಲ್ಲೇ ಹೇಳುತ್ತಾರೆ. ಹೇಗೆ ಮಾಡಿದೆ ಅಂತ ಒಂದೊಂದು ಮಗುವೂ ಬಾಯಿಬಿಟ್ಟು ಹೇಳಬೇಕು. ಒಬ್ಬಳು ಒಂದು ದಾರಿ ಹೇಳಿದರೆ ಇನ್ನೊಬ್ಬ ಇನ್ನೊಂದು ಹೇಳುತ್ತಾನೆ. 2005ರ ಚೌಕಟ್ಟು ಬಯಸಿದ ಯೋಚನೆಯೂ ಇದರಲ್ಲೇ ಇದೆ, ನಮ್ಮ ಮೇಷ್ಟ್ರ ಮಗ್ಗಿಯೂ ಇದರಲ್ಲೇ ಇದೆ. ಎರಡಕ್ಕೂ ಜಗಳ ಇಲ್ಲ. ಜಗಳ ತಂದಿಟ್ಟವರು ನಾವು.

ಮಗು ಯಾವ ಭಾಷೆಯಲ್ಲಿ ಯೋಚಿಸುತ್ತದೋ ಆ ಭಾಷೆಯಲ್ಲೇ ಇದು ನಡೆಯಲಿ. 2019ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ಬಂದಿವೆ. ತಂದೆತಾಯಿ ಕೇಳಿದ್ದಾರೆ, ಬಂದಿವೆ, ಇರಲಿ. ಆದರೆ "ಸೆವೆನ್ ಏಯ್ಟ್ ಜಾ ಫಿಫ್ಟಿ ಸಿಕ್ಸ್" ಅನ್ನುವ ಮಗುವಿಗೆ ಸಂತೆಯಲ್ಲಿ ಐವತ್ತಾರು ರೂಪಾಯಿ ಅಂದರೆ ಎಷ್ಟು ಅಂತ ತಿಳಿಯದಿದ್ದರೆ ಹೇಗೆ? ಆ ಹದಿನೈದು ನಿಮಿಷ ಕನ್ನಡದಲ್ಲೂ ಇರಲಿ, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಅವರ ಮಾತಿನಲ್ಲೂ ಇರಲಿ.

ಎರಡನೆಯದು, ಆರನೇ ತರಗತಿಗೆ ಬಂದ ಪ್ರತಿ ಮಗುವಿಗೂ ಜೂನ್ ತಿಂಗಳಲ್ಲೇ ನಾಲ್ಕು ಮೂಲಕ್ರಿಯೆ ಬರುತ್ತದೆಯೇ ಅಂತ ನೋಡಿ. ಬಾರದವರಿಗೆ ಆ ವರ್ಷವೇ ಬೇರೆ ಸಮಯ ಕೊಟ್ಟು ಕಲಿಸಿ. ಕೊರೊನಾ ನಂತರ 2022-23ರಲ್ಲಿ ಕಲಿಕಾ ಚೇತರಿಕೆ ಮಾಡಿದಿರಿ. ಹಿಂದಿನ ತರಗತಿಯದ್ದು ಬಾರದಿದ್ದರೆ ಅಲ್ಲಿಂದಲೇ ಶುರು ಮಾಡಿ ಅಂತ ಇಲಾಖೆಯೇ ಒಪ್ಪಿಕೊಂಡಿದ್ದು ನನಗೆ ದೊಡ್ಡ ಸಮಾಧಾನ ಕೊಟ್ಟಿತ್ತು. ಅದು ಒಂದೇ ವರ್ಷಕ್ಕೆ ಯಾಕೆ ಮುಗಿಯಬೇಕು? ಹಿಂದೆ ಬಿದ್ದ ಮಕ್ಕಳು ಕೊರೊನಾಕ್ಕೆ ಮುಂಚೆಯೂ ಇದ್ದರು.

ಇದಕ್ಕೆ ಶಿಕ್ಷಕರು ಬೇಕು. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕರೇ ಗತಿ. ಅವರು ಬರುವ ಹೊತ್ತಿಗೆ ಪಾಠ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ, ಕೊಡುವ ಗೌರವಧನವೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಹೈಸ್ಕೂಲಿನಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಹುದ್ದೆ ಖಾಲಿ ಇದ್ದರೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರ ಕೈಗೆ ಗಣಿತ ಪುಸ್ತಕ ಕೊಡುತ್ತಾರೆ. ಜೀವಶಾಸ್ತ್ರ ಓದಿದವರು ತ್ರಿಕೋನಮಿತಿ ಹೇಳುವಾಗ ಪಡುವ ಕಷ್ಟ ನನಗೆ ಗೊತ್ತು, ಅವರ ತಪ್ಪೇನೂ ಇಲ್ಲ. ಗಣಿತದ ಹುದ್ದೆಗಳನ್ನು ಮೊದಲು ತುಂಬಿ. ಊಟದ, ಮೊಟ್ಟೆಯ, ಆನ್‌ಲೈನ್ ದಾಖಲೆಗಳಿಗೆ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಒಬ್ಬರನ್ನಾದರೂ ಬೇರೆಯಾಗಿ ನೇಮಿಸಿ.

ಕಲಿಕಾ ಪೆಟ್ಟಿಗೆಯ ಸಾಮಾನು ಮುರಿದರೆ, ಕಳೆದರೆ ಶಿಕ್ಷಕರನ್ನು ಕೇಳುವುದಿಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಪ್ರಶ್ನೆಪತ್ರಿಕೆ ಹೇಗಿರುತ್ತದೋ ಪಾಠವೂ ಹಾಗೇ ಆಗುತ್ತದೆ. ಗಣಿತದ 80 ಅಂಕಗಳ ಪತ್ರಿಕೆಯಲ್ಲಿ ನಾಲ್ಕಾರು ಅಂಕವನ್ನಾದರೂ "ಉತ್ತರ ಸುಮಾರು ಎಷ್ಟು ಬರಬಹುದು, ಯಾಕೆ" ಅನ್ನುವ ಪ್ರಶ್ನೆಗೆ ಇಡಿ. ಆಗ ಪಾಸಿಂಗ್ ಪ್ಯಾಕೇಜಿನಲ್ಲೂ ಅದು ಬರುತ್ತದೆ, ತರಗತಿಯಲ್ಲೂ ಬರುತ್ತದೆ.

ಕೊನೆಯದಾಗಿ, ರಾಷ್ಟ್ರೀಯ ಶಿಕ್ಷಣ ನೀತಿಯೋ ರಾಜ್ಯದ ನೀತಿಯೋ ಅಂತ ಮೇಲೆ ಚರ್ಚೆ ನಡೆಯುತ್ತಲೇ ಇದೆ. ಯಾವುದೇ ಬರಲಿ, ಗಣಿತದ ಪುಸ್ತಕ ಮತ್ತೆ ಬದಲಿಸುವ ಮುಂಚೆ ಎಚ್.ಡಿ. ಕೋಟೆಯಲ್ಲಿ ಮಾಡಿದ ಹಾಗೆ ಒಂದೆರಡು ತಾಲ್ಲೂಕಿನ ಶಿಕ್ಷಕರ ಕೈಗೆ ಕೊಟ್ಟು ನೋಡಿ. ಅವರು ಹೇಳಿದ್ದನ್ನು ಕೇಳಿ ತಿದ್ದಿ. ಬಂದ ಮೇಲೆ ಕನಿಷ್ಠ ಹತ್ತು ವರ್ಷ ಅದನ್ನು ಅಲುಗಿಸಬೇಡಿ.

ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮೊದಲು ಬಾಯಿ ಲೆಕ್ಕದ ಹದಿನೈದು ನಿಮಿಷದ ಬಗ್ಗೆ ತಾವು ನಿರ್ಧಾರ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಒಂದು ತಾಲ್ಲೂಕಿನಲ್ಲಿ ಪ್ರಯೋಗ ಮಾಡುವುದಾದರೆ ನನ್ನಂಥ ನಿವೃತ್ತ ಗಣಿತ ಶಿಕ್ಷಕರು ಎಷ್ಟೋ ಜನ ಇದ್ದೇವೆ. ಸಂಬಳ ಕೇಳದೆ ಬಂದು ಪಾಠ ಮಾಡುತ್ತೇವೆ. ಕರೆದು ನೋಡಿ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ತುಮಕೂರು ಜಿಲ್ಲೆ